ಡ್ರ್ಯಾಗನ್ ಮತ್ತು ಸ್ಟೀಲಿನ ಡಬ್ಬಿ

ಚಿಂಚವಾಡದ ಆ ವಸತಿ ಸೊಸೈಟಿಯಲ್ಲಿ ಮಂದಿ ಒಂದು ಮಾತು ಆಡುತ್ತಿದ್ದರು: ರಾಮಲಿಂಗಪ್ಪನವರ ಮನೆಗೆ ಡಬ್ಬಿ ಕಳಿಸುವ ಮೊದಲು ನಿಮ್ಮ ಕಪಾಟಿನಲ್ಲಿ ಜಾಗ ಮಾಡಿಟ್ಟುಕೊಳ್ಳಿ. ಅಲ್ಲಿಗೆ ಹೋದ ಡಬ್ಬಿ ಖಾಲಿ ಬಂದ ದಾಖಲೆಯೇ ಇಲ್ಲ. ಎದುರು ಮನೆಯ ಗಂಗೂಬಾಯಿ ಒಮ್ಮೆ ಎರಡು ಚಮಚ ಉಪ್ಪಿನಕಾಯಿ ಕಳಿಸಿ, ಬದಲಿಗೆ ಬಂದ ಶೇಂಗಾ ಹೋಳಿಗೆಯನ್ನು ಮೂರು ದಿನ ತಿಂದು ಸುಸ್ತಾಗಿದ್ದಳಂತೆ. ಇದನ್ನು ಕೇಳಿ ರಾಮಲಿಂಗಪ್ಪ ಮೀಸೆಯಡಿಯಲ್ಲೇ ನಗುತ್ತಿದ್ದರು. ಹೆಂಡತಿ ಶಿವಕಾಂತಾಳ ಈ ಗುಣ ಮುಂದೊಂದು ದಿನ ತಮ್ಮ ಸಾಮ್ರಾಜ್ಯಕ್ಕೇ ಕುತ್ತು ತರುತ್ತದೆಂದು ಅವರಿಗೇನು ಗೊತ್ತು?

ಸಾಮ್ರಾಜ್ಯವೆಂದರೆ ಕಂಪ್ಯೂಟರಿನೊಳಗಿನದು. ಹಗಲೆಲ್ಲ ಪಿಂಪ್ರಿಯ ಕಾರ್ಖಾನೆಯ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ನೋಡಿಕೊಳ್ಳುವ ಗುಮಾಸ್ತ, ಸಂಜೆಯಾದರೆ ಇಂಟರ್ನೆಟ್ಟಿನಲ್ಲಿ ಎಲೆಯಾಡುವ ಮಹಾಸೇನಾನಿ. (ಇಸ್ಪೀಟಲ್ಲ. ಈ ಎಲೆಗಳಲ್ಲಿ ರಾಜ ರಾಣಿಯರ ಬದಲು ಆನೆ, ಆಮೆ, ಪಿಶಾಚಿಗಳಿರುತ್ತವೆ. ಊರೂರಿನ ಮಂದಿ ಅವನ್ನು ಕಾದಾಡಿಸುತ್ತಾರೆ, ಮನಸ್ಸು ಬಂದರೆ ಅದಲು ಬದಲು ಮಾಡಿಕೊಳ್ಳುತ್ತಾರೆ.) ಎಂಟು ತಿಂಗಳ ಹಿಂದೆ ಅವರು ಭಾರಿ ಕಾಳಗ ಮಾಡಿ ಒಂದು ಬೆಂಕಿ ಡ್ರ್ಯಾಗನ್ ಗಳಿಸಿದ್ದರು. ತಮ್ಮ ಬಳಿಯೇ ಇದ್ದ ಮಂಜಿನ ಆನೆ ಮುಂದೆ ನಿಂತರೆ ಮಾತ್ರ ಅದು ಕಣಕ್ಕೆ ಇಳಿಯುವುದು. ಮುಂದಿನ ವಾರ ಭಾನುವಾರ ನಡೆಯುವ ದೊಡ್ಡ ಪಂದ್ಯವನ್ನು ಆ ಜೋಡಿಯಿಂದ ಗೆದ್ದು ಮೊದಲ ದರ್ಜೆಗೆ ಏರಬೇಕೆಂಬುದು ಅವರ ಕನಸು.

ಅಷ್ಟರಲ್ಲಿ ಆಫೀಸು ಅವರನ್ನು ಒಂದು ವಾರದ ಮಟ್ಟಿಗೆ ನಾಸಿಕಕ್ಕೆ ಅಟ್ಟಿತು. ದಿನಕ್ಕೊಂದು ಆಟ ಆಡದಿದ್ದರೆ ದರ್ಜೆ ಇಳಿಯುತ್ತದೆ. ಬೇರೆ ದಾರಿಯಿಲ್ಲದೆ ಪಟ್ಟ ಶಿವಕಾಂತಾಳಿಗೆ ಹೋಯಿತು. ಹಳೇ ಕ್ಯಾಲೆಂಡರಿನ ಬೆನ್ನಿಗೆ ‘ಹೊಸಬರು ಮಾಡುವ ತಪ್ಪುಗಳು’ ಎಂದು ಬರೆದು ಅವಳಿಗೆ ಬಾಯಿಪಾಠ ಮಾಡಿಸಿದರು: ಬರೀ ದೊಡ್ಡ ಎಲೆಗಳನ್ನೇ ತುಂಬಿಕೊಳ್ಳಬಾರದು, ಒಳ್ಳೆಯ ಎಲೆಯನ್ನು ಆಡದೆ ಬಚ್ಚಿಡಬಾರದು, ಯಾರಿಗೂ ಪುಕ್ಕಟೆ ಕೊಡಬಾರದು.

“ಪುಕ್ಕಟೆ ಯಾಕ ಕೊಡ್ಲಿ, ನನಗೇನು ಹುಚ್ಚ ಹಿಡದದೇನು?” ಎಂದಳು ಶಿವಕಾಂತಾ. ಸೇನಾನಿಗೆ ಸಮಾಧಾನವಾಯಿತು.

ಬುಧವಾರ ನಾಸಿಕದಿಂದ ಬಂದವರು ಬೂಟು ಬಿಚ್ಚದೆಯೇ ಕಂಪ್ಯೂಟರ್ ಹಚ್ಚಿದರು. ದರ್ಜೆ ಇಳಿದಿರಲಿಲ್ಲ. ಆದರೆ ಡ್ರ್ಯಾಗನ್ ಇರಲಿಲ್ಲ. ಅದರ ಜಾಗದಲ್ಲಿ ಒಂದು ಹಸಿರು ಆಮೆ ಕತ್ತು ಚಾಚಿ ಅವರನ್ನೇ ನೋಡುತ್ತಿತ್ತು.

“ಡ್ರ್ಯಾಗನ್ ಎಲ್ಲಿ ಹೋತು?”

“ಆಟದಾಗ ಕೋಥರೂಡದ ಸಾವಿತ್ರಿಬಾಯಾರು ಅಂತ ಸಿಕ್ಕಿದ್ರು, ರಿಟೈರ್ ಆದ ಟೀಚರಂತ, ಭಾಳ ಛಲೋ ಮಂದಿ. ತಾವಾಗಿ ಒಂದು ಆಮಿ ಕೊಟ್ರು. ಅದಲು ಬದಲಿನ ಪರದೆ ಮ್ಯಾಲ ನಮ್ಮ ಕಡೆ ಚೌಕ ಖಾಲಿ ಕಾಣಸ್ತಿತ್ತು. ಖಾಲಿ ಕಳಸಾಕ ಬರ್ತದೇನ್ರಿ?”

“ಅದಕ್ಕ ಡ್ರ್ಯಾಗನ್ನೇ ಬೇಕಿತ್ತೇನು?”

“ಎಂಟು ತಿಂಗಳಾತು, ಒಂದ ದಿನಾನೂ ನೀವು ಅದನ್ನ ಹೊರಗ ತಗದಿಲ್ಲ. ಒಳ್ಳೇದನ್ನ ಬಚ್ಚಿಡಬಾರ್ದು ಅಂತ ನೀವ ಬರದೀರಿ.”

ರಾಮಲಿಂಗಪ್ಪ ಕ್ಯಾಲೆಂಡರಿನ ಬೆನ್ನು ನೋಡಿದರು. ಅಕ್ಷರ ತಮ್ಮದೇ.

ಕೊಟ್ಟದ್ದನ್ನು ವಾಪಸ್ ಕೇಳುವುದೇ ನಾಚಿಕೆಗೇಡು, ಅದರಲ್ಲೂ ಬರಿಗೈಯಲ್ಲಿ ಕೇಳುವುದೇ ಎಂದು ಶಿವಕಾಂತಾ ಸ್ಟೀಲಿನ ಡಬ್ಬಿಗೆ ಶೇಂಗಾ ಹೋಳಿಗೆ ತುಂಬಿ ಗಂಡನನ್ನು ಗುರುವಾರ ಕೋಥರೂಡಕ್ಕೆ ಅಟ್ಟಿದಳು. ಎರಡು ಬಸ್ಸು ಬದಲಿಸಿ ಹೋದರೆ, ಸಾವಿತ್ರಿಬಾಯಿ ಚಹಾ ಕೊಟ್ಟು, ಡ್ರ್ಯಾಗನ್ ತಾನೇ, ಶನಿವಾರ ಕಳಿಸುತ್ತೇನೆ ಎಂದು ಮರಾಠಿಯಲ್ಲಿ ನಕ್ಕರು. ಆದರೆ ಅವರೂ ಶಿವಕಾಂತಾಳ ಪಂಥದವರೇ. ಹೋಳಿಗೆ ಡಬ್ಬಿಯನ್ನು ತಮ್ಮಲ್ಲೇ ಇಟ್ಟುಕೊಂಡು ತಮ್ಮ ಡಬ್ಬಿಯಲ್ಲಿ ಚಕ್ಕಲಿ ತುಂಬಿ ಕೊಟ್ಟರು. ಶುಕ್ರವಾರ ಆ ಡಬ್ಬಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹೊತ್ತು ಹೋಯಿತು. ಶಿವಕಾಂತಾಳ ಡಬ್ಬಿ ಲಾಡು ಹೊತ್ತು ಬಂತು. ಅಲ್ಲಿಗೆ ಲೆಕ್ಕ ಚುಕ್ತಾ ಎಂದುಕೊಂಡರೆ, ಡಬ್ಬಿಯಲ್ಲಿ ಹಿಡಿಯದ ಲಾಡುಗಳು ಅವರದೇ ಒಂದು ವಾಟಗಾದಲ್ಲಿ ಬಂದಿದ್ದವು. ಆ ಬಟ್ಟಲನ್ನು ಮರಳಿಸಬೇಕಲ್ಲ.

ಶನಿವಾರ ರಾಮಲಿಂಗಪ್ಪ ಸ್ನಾನದಲ್ಲಿದ್ದಾಗ ಹೊರಗಿನಿಂದ ಹೆಂಡತಿ ಕೂಗಿ ಹೇಳಿದಳು, ಡ್ರ್ಯಾಗನ್ ಬಂತೆಂದು. ಮೈಗೆ ಸೋಪಿದ್ದಂತೆಯೇ ಟವೆಲ್ ಸುತ್ತಿಕೊಂಡು ಓಡಿ ಬಂದರು. ಬಂದದ್ದು ನಿಜ. ಆನಂದದಿಂದ ಪಕ್ಕಕ್ಕೆ ಕಣ್ಣು ಹಾಯಿಸಿದರೆ ಮಂಜಿನ ಆನೆ ಇರಲಿಲ್ಲ.

“ಅವರು ಅಷ್ಟು ದೊಡ್ಡದು ಕೊಡೂವಾಗ ನಮ್ಮ ಚೌಕ ಖಾಲಿ ಇತ್ರಿ,” ಎಂದಳು ಶಿವಕಾಂತಾ.

“ಆ ಆಮಿ ಕೊಡಬೇಕಿತ್ತಲ್ಲ.”

“ಅವರು ಕೊಟ್ಟಿದ್ದನ್ನ ಅವರಿಗೇ ತಿರುಗಿ ಕೊಡೂದೇನು? ಮಾರಿಗೆ ಹೊಡದಂಗ ಆಗ್ತದ.”

ಭಾನುವಾರ ಏನಾಯಿತೆಂದು ಹೇಳಲೇ? ಆನೆಯಿಲ್ಲದೆ ಡ್ರ್ಯಾಗನ್ ಕೈಯಲ್ಲೇ ಕೂತು ಬೆಂಕಿ ಕಾಯಿಸಿಕೊಂಡಿತು. ಕಣದಲ್ಲಿ ನಿಂತದ್ದು ಆಮೆಯೊಂದೇ. ಪಾಪ, ಏಳು ಏಟು ತಡೆದು ಎಂಟನೆಯದಕ್ಕೆ ಬೆನ್ನಡಿಯಾಗಿ ಬಿತ್ತು. ಮಹಾಸೇನಾನಿ ಮೊದಲ ದರ್ಜೆಗೆ ಏರುವುದಿರಲಿ, ಹೊಸಬರ ದರ್ಜೆಗೆ ಇಳಿದರು.

ಅವರು ಕಂಪ್ಯೂಟರ್ ಆರಿಸಿ, ಮೇಲೆ ಕ್ರೋಶಾದ ಬಟ್ಟೆ ಹೊದಿಸಿ, ಸಂನ್ಯಾಸ ಘೋಷಿಸಿದರು. ಉಳಿದದ್ದು ಆ ವಾಟಗಾ ಒಂದೇ.

“ಕೋಥರೂಡಕ್ಕ ಹೋಗೂದು ಇದೇ ಕಡೀ ಸಲ. ಅವರು ಏನು ಕೊಟ್ರೂ ಅಲ್ಲೇ ತಿಂದು ಬರಿಗೈಲೆ ಬರ್ತೀನಿ. ನನ್ನ ಕೈಯಾಗ ಒಂದು ಪಾತ್ರೀನೂ ಇರೂದಿಲ್ಲ.”

ಶಿವಕಾಂತಾ ವಾದಕ್ಕಿಳಿಯಲಿಲ್ಲ. ವಾಟಗಾಕ್ಕೆ ಉಂಡಿ ತುಂಬಿ, ಅರಿವೆ ಕಟ್ಟಿ, ಒಂದು ಬಟ್ಟೆಯ ಚೀಲದಲ್ಲಿಟ್ಟು ಕೈಗೆ ಕೊಟ್ಟಳು. ಹದಿನೆಂಟು ವರ್ಷದ ಸಂಸಾರದಲ್ಲಿ ಮೊದಲ ಗೆಲುವು ಎಂದುಕೊಂಡು ರಾಮಲಿಂಗಪ್ಪ ಹೊರಬಿದ್ದರು. ಎದುರು ಮನೆಯ ಬಾಗಿಲು ತೆರೆದಿತ್ತು. ಗಂಗೂಬಾಯಿ ಯಾಕೋ ಕಪಾಟು ಖಾಲಿ ಮಾಡಿ ಒರೆಸುತ್ತಿದ್ದಳು. ಅವರು ಗುನುಗುತ್ತ ಮೆಟ್ಟಿಲಿಳಿದು ಗೇಟು ದಾಟುವಾಗ ಮೇಲಿನಿಂದ ಹೆಂಡತಿಯ ದನಿ ಬಂತು:

“ಅಂದಂಗ ಆ ಚೀಲ ಗಂಗೂಬಾಯಾರದ್ದು ರೀ. ಖಾಲಿ ತರಬ್ಯಾಡ್ರಿ.”