ಹನ್ನೆರಡನೇ ನಂಬರಿನ ನಡುಕ

ಕೈಪಟ್ಟಿ ಅದಲುಬದಲಾಗಿದೆ ಎಂದು ನಿಶ್ಶಬ್ದಪ್ಪನವರಿಗೆ ಗೊತ್ತಾದದ್ದು ಬೆಳಿಗ್ಗೆ ಎಂಟೂವರೆಗೆ, ಎಡಗಾಲಿಗೆ ಚಪ್ಪಲಿ ಸಿಕ್ಕಿಸುವಾಗ. ಬಲ ಮಣಿಕಟ್ಟು ಕಣ್ಣಿಗೆ ಬಿತ್ತು. ಅಲ್ಲಿದ್ದ ಕಪ್ಪು ಪಟ್ಟಿಯ ಮೇಲೆ ಹದಿಮೂರು ಎಂದಿರಬೇಕಾಗಿತ್ತು. ಹನ್ನೆರಡು ಎಂದಿತ್ತು.

ಹನ್ನೆರಡು ಅವರ ಹೆಂಡತಿಯ ನಂಬರು.

ಗ್ರಂಥಾಲಯದ ಕೌಂಟರಿನಲ್ಲಿ ಕೂತು ಇಪ್ಪತ್ತಾರು ವರ್ಷ "ಶ್ಶ್... ನಿಶ್ಶಬ್ದ" ಎಂದು ಹೇಳಿ ಹೇಳಿ ಸ್ವಂತ ಹೆಸರು ಕಳೆದುಕೊಂಡವರು ನಿಶ್ಶಬ್ದಪ್ಪ. ಹೆಂಡತಿ ಗಣಿತ ಹೇಳಿಕೊಡುತ್ತಿದ್ದವರು. ಊರಿಗೆಲ್ಲ ಟೀಚರ್, ಮನೆಯಲ್ಲೂ ಟೀಚರ್. ಆರು ವರ್ಷದ ಹಿಂದೆ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದಾಗ ಅವರ ಅಕ್ಷರ ಸಾಲು ಮುಗಿಯುವ ಹೊತ್ತಿಗೆ ಸಾಸಿವೆಯಷ್ಟಾಯಿತು. ಆಮೇಲೆ ಬಲಗೈ ನಡುಗಿತು. ಡಾಕ್ಟರು ಪಾರ್ಕಿನ್ಸನ್ ಕಾಯಿಲೆ ಎಂದರು. ಮಾತ್ರೆ ನುಂಗಿದರೂ ಬೆಳಗಿನ ಹತ್ತು ಗಂಟೆಗೆ ಬಾಗಿಲ ಹೊಸ್ತಿಲಲ್ಲಿ ಕಾಲು ಗೋಂದು ಹಾಕಿ ಅಂಟಿಸಿದಂತೆ ನಿಂತುಬಿಡುತ್ತಿತ್ತು.

ಹಾಗಿರುವಾಗ ಸಿಕ್ಕಿದ್ದು ದೊಡ್ಡಾಸ್ಪತ್ರೆಯ ಈ ಸಂಶೋಧನೆ. ರೋಗಿಯ ಮಣಿಕಟ್ಟಿಗೆ ಗಡಿಯಾರದಂಥ ಒಂದು ಪಟ್ಟಿ ಕಟ್ಟುತ್ತಾರೆ. ಕೈ ಯಾವಾಗ ನಡುಗಿತು, ಹೆಜ್ಜೆ ಯಾವಾಗ ಕುಗ್ಗಿತು, ಮಾತ್ರೆ ಎಷ್ಟು ಹೊತ್ತು ಕೆಲಸ ಮಾಡಿತು ಎಲ್ಲವನ್ನೂ ಅದು ಬರೆದಿಟ್ಟುಕೊಳ್ಳುತ್ತದೆ. ಹೋಲಿಸಿ ನೋಡಲು ಅದೇ ಮನೆಯ ಒಬ್ಬ ಆರೋಗ್ಯವಂತರಿಗೂ ಇನ್ನೊಂದು ಪಟ್ಟಿ. ಹೋದ ತಿಂಗಳು ಮೊದಲ ಸುತ್ತಿನ ದಾಖಲೆ ನೋಡಿ ಡಾಕ್ಟರಮ್ಮ ಟೀಚರ್ ಅವರ ಮಾತ್ರೆಯ ಹೊತ್ತನ್ನು ಬರೀ ನಲವತ್ತು ನಿಮಿಷ ಹಿಂದಕ್ಕೆ ಸರಿಸಿದರು. ಅಷ್ಟೇ. ಮೂರನೇ ದಿನ ಹತ್ತು ಗಂಟೆಗೆ ಟೀಚರ್ ಹೊಸ್ತಿಲು ದಾಟಿ, ಬೀದಿ ದಾಟಿ, ಅಂಗಡಿಗೆ ಹೋಗಿ ಹಾಲು ತಂದರು. ಮತ್ತೆ ಪಟ್ಟಿ ಮನೆಗೆ ಬಂದ ದಿನ ನಿಶ್ಶಬ್ದಪ್ಪ ಚಾರ್ಜಿಗಿಟ್ಟ ಅದಕ್ಕೆ ಯಾರೂ ಇಲ್ಲದಾಗ ಕೈಮುಗಿದಿದ್ದರು.

ಇದು ಎರಡನೆಯ ಸುತ್ತು. ಏಳು ದಿನದ್ದು, ಇವತ್ತು ಕೊನೆಯ ದಿನ. ಸ್ನಾನದ ಹೊತ್ತಿನಲ್ಲಿ ಎರಡನ್ನೂ ಚಾರ್ಜಿಗಿಡುವ ಜವಾಬ್ದಾರಿ ಅವರದೇ. ಮೊದಲ ಸುತ್ತಿನಲ್ಲೇ ಅವರು ಎರಡು ಸಲ ಮರೆತು, ನರ್ಸಮ್ಮನಿಂದ ಬೈಸಿಕೊಂಡಿದ್ದರು. "ಇನ್ನೊಂದು ತಪ್ಪಾದ್ರೆ ನಿಮ್ಮ ಜೋಡೀನೇ ಕೈಬಿಡಬೇಕಾಗತ್ತೆ ನೋಡಿ."

ಈಗ ಮೂರನೆಯದು! ಟೀಚರ್ ಆಗಲೇ ತಂಗಿಯ ಜೊತೆ ಆಸ್ಪತ್ರೆಯ ವ್ಯಾಯಾಮದ ತರಗತಿಗೆ ಹೊರಟುಹೋಗಿದ್ದರು. ಅಲ್ಲಿಂದ ತಂಗಿಯ ಮನೆಗೆ. ಸಂಜೆ ನಾಲ್ಕಕ್ಕೆ ಇಬ್ಬರೂ ಡಾಕ್ಟರಮ್ಮನ ಕೋಣೆಯಲ್ಲಿ ಸೇರುವುದೆಂದು ಮಾತಾಗಿತ್ತು. ಫೋನ್ ಮಾಡಿ ಹೇಳೋಣವೆಂದರೆ, ಟೀಚರ್ ಗಣಿತದವರು. ತಪ್ಪನ್ನು ಕಂಡ ತಕ್ಷಣ ಕೆಂಪು ಶಾಯಿಯಲ್ಲಿ ಸುತ್ತು ಹಾಕುವ ಜಾತಿ. ನೇರ ನರ್ಸಮ್ಮನಿಗೆ ಹೇಳಿಬಿಡುತ್ತಾರೆ. ಸಂಶೋಧನೆಯೂ ಹೋಯಿತು, ಹಾಲೂ ಹೋಯಿತು.

ನಿಶ್ಶಬ್ದಪ್ಪನವರ ತಲೆಗೆ ಆಗ ಹೊಳೆದದ್ದೇ ಎಲ್ಲ ಅನಾಹುತಕ್ಕೆ ಮೂಲ. ಹನ್ನೆರಡನೇ ಪಟ್ಟಿ ನಡುಗುವ ಕೈಯನ್ನು ಕಾಯುತ್ತಿದೆ. ಸರಿ, ಕೈ ನಡುಗಿದರಾಯಿತು!

ಮೆಟ್ಟಿಲಿಳಿಯುವಾಗಲೇ ಶುರುಮಾಡಿದರು. ಬಲಗೈಯನ್ನು ನಡುಗಿಸುತ್ತ, ಪಾದ ನೆಲಕ್ಕೆ ಉಜ್ಜುತ್ತ, ಚಿಕ್ಕ ಚಿಕ್ಕ ಹೆಜ್ಜೆ ಇಡುತ್ತ ಮೂರನೇ ಮೆಟ್ಟಿಲಿಗೆ ಬಂದಾಗ ಎದುರಿಗೆ ಕಾಂಪೌಂಡರ್ ಪ್ರತ್ಯಕ್ಷ. ಮೂವತ್ತು ವರ್ಷ ಔಷಧದ ಬಾಟಲಿಗೆ ಚೀಟಿ ಅಂಟಿಸಿ ನಿವೃತ್ತರಾದ, ಮೇಲಿನ ಮಹಡಿಯ ಕಾಂಪೌಂಡರ್ ಕೈಗೆ ಸಿಕ್ಕುವುದೂ ಒಂದೇ, ಡಂಗುರಕ್ಕೆ ಸಿಕ್ಕುವುದೂ ಒಂದೇ.

"ಏನ್ರೀ ಇದು ಕೈ?"

"ಏನಿಲ್ಲ... ಸ್ವಲ್ಪ ಚಳಿ."

"ಈ ಬಿಸಿಲಲ್ಲಾ?" ಕಾಂಪೌಂಡರ್ ಅವರ ನಾಡಿ ಹಿಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ನಾಲಿಗೆ ಚಾಚಿಸಿದರು. "ಅಯ್ಯೋ, ನಿಮಗೂ ಬಂತೇನ್ರೀ! ಟೀಚರಮ್ಮನ ಲೋಟದಲ್ಲಿ ನೀರು ಕುಡೀಬೇಡಿ ಅಂತ ನಾನು ಹೇಳೋಣಾಂತಿದ್ದೆ."

"ಅದು ಅಂಟೋ ಕಾಯಿಲೆ ಅಲ್ಲ ಸ್ವಾಮಿ."

"ಪುಸ್ತಕದಲ್ಲಿ ಹಾಗೇ ಬರ್ದಿರ್ತಾರೆ," ಎಂದು ಕಾಂಪೌಂಡರ್ ಪುಸ್ತಕ ಕಾಯುವವರಿಗೇ ಹೇಳಿ, ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿದರು. ನಿಶ್ಶಬ್ದಪ್ಪ ಬೀದಿಯ ತಿರುವು ಮುಟ್ಟುವಷ್ಟರಲ್ಲಿ ನಾಲ್ಕು ಕಿಟಕಿಗಳಿಂದ ನಾಲ್ಕು ತಲೆಗಳು ಹೊರಬಂದು "ಪಾಪ" ಎಂದವು.

ದಾರಿಯಲ್ಲಿ ಜೇಬಿನ ಫೋನು ಗುನುಗಿತು. ಹೆಂಡತಿ. ಯಂತ್ರಕ್ಕೆ ಸುಳ್ಳು ಹೇಳಬಹುದು, ಟೀಚರ್‌ಗೆ ಆಗದು. ಅದು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಗುವವರೆಗೆ ಬಿಟ್ಟರು. ಮತ್ತೆ ಎರಡು ಸಲ ಬಂತು. ಎರಡು ಸಲವೂ ಬಿಟ್ಟರು.

ಗ್ರಂಥಾಲಯದಲ್ಲಿ ಕೆಲಸವೆಂದರೆ ಪುಸ್ತಕಕ್ಕೆ ತಾರೀಖಿನ ಮುದ್ರೆ ಒತ್ತುವುದು. ಮೊದಲ ಮುದ್ರೆ ಪುಸ್ತಕದ ಬದಲು ಮೇಜಿಗೆ ಬಿತ್ತು. ಎರಡನೆಯದು ಎದುರಿಗಿದ್ದ ಓದುಗರೊಬ್ಬರ ಮುಂಗೈಗೆ.

"ಏನ್ ಸಾರ್, ನನ್ನನ್ನ ಹದಿನೈದು ದಿನದೊಳಗೆ ವಾಪಸ್ ಮಾಡ್ಬೇಕಾ?" ಎಂದರು ಅವರು ಕೈ ತಿರುಗಿಸಿ ನೋಡಿಕೊಂಡು.

ಪಕ್ಕದ ಮೇಜಿನ ಕ್ಯಾಟಲಾಗ್ ಮೇಡಂ ಕನ್ನಡಕ ಮೂಗಿನ ತುದಿಗಿಳಿಸಿದರು. "ಸಾರ್, ನೀವು ಕೂತ್ಕೊಳ್ಳಿ. ನೀರು ಕುಡೀರಿ."

ನೀರಿನ ಲೋಟ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಅಂಗಿಗೆ ಹೋಯಿತು. ಒದ್ದೆ ಅಂಗಿಯ ಗುಂಡಿ ಬಿಚ್ಚಲು ಹೋದರೆ ಗುಂಡಿ ಮೀನಿನಂತೆ ಜಾರಿತು. ಅರ್ಧ ಗಂಟೆಗೇ ಮಣಿಕಟ್ಟು ಉರಿಯತೊಡಗಿತ್ತು, ತೊಡೆ ಸೆಟೆದುಕೊಂಡಿತ್ತು. ಅವರು ಬೇಕೆಂದೇ ನಡುಗಿಸುತ್ತಿದ್ದುದರಿಂದ ಬೇಡವೆಂದಾಗ ನಿಲ್ಲಿಸಬಹುದಿತ್ತು. ಹೆಂಡತಿಗೆ ಆ ಸೌಲಭ್ಯವಿರಲಿಲ್ಲ. 'ಬೇಗ ಬಾರೇ, ಬಸ್ಸು ಹೋಗತ್ತೆ' ಎಂದು ಎಷ್ಟು ಸಲ ಅಂದಿದ್ದೆ ನಾನು ಎಂದು ನೆನಪಾಗಿ, ಆ ಗುಂಡಿಯನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ಕೂತರು.

ಹನ್ನೆರಡಕ್ಕೆ ಟೀಚರ್ ಮಾತ್ರೆ ನುಂಗುವ ಹೊತ್ತು. ಮುಕ್ಕಾಲು ಗಂಟೆಯಲ್ಲಿ ನಡುಕ ತಗ್ಗುತ್ತದೆ. ಮಾಡಿದ ಕೆಲಸ ಅಚ್ಚುಕಟ್ಟಾಗಿರಬೇಕೆಂದು ನಿಶ್ಶಬ್ದಪ್ಪ ಗೋಡೆಯ ಗಡಿಯಾರ ನೋಡಿಕೊಂಡು ಹನ್ನೆರಡೂ ಮುಕ್ಕಾಲಿಗೆ ಸರಿಯಾಗಿ ನಡುಗುವುದನ್ನು ನಿಲ್ಲಿಸಿ, ಚಟಪಟ ನಲವತ್ತು ಪುಸ್ತಕಕ್ಕೆ ಮುದ್ರೆ ಒತ್ತಿದರು. ಕ್ಯಾಟಲಾಗ್ ಮೇಡಂ ಬಾಯಿ ಬಿಟ್ಟುಕೊಂಡು ನೋಡಿದರು. ಎರಡೂವರೆಗೆ ಮಾತ್ರೆಯ ಬಲ ಇಳಿಯುವ ಲೆಕ್ಕ. ನಿಶ್ಶಬ್ದಪ್ಪ ಮತ್ತೆ ಗಡಿಯಾರ ನೋಡಿದರು, ಮತ್ತೆ ನಡುಗಿದರು.

ಮೇಡಂ ಎದ್ದು ಮುಖ್ಯ ಗ್ರಂಥಪಾಲಕರ ಕೋಣೆಗೆ ಹೋದರು. "ಸಾರ್, ನಮ್ಮ ನಿಶ್ಶಬ್ದಪ್ಪನವರಿಗೆ ಕೈಗೆ ಬಂದಿದೆಯೋ ತಲೆಗೆ ಬಂದಿದೆಯೋ ಗೊತ್ತಾಗ್ತಿಲ್ಲ. ಗಂಟೆ ನೋಡ್ಕೊಂಡು ನಡುಗ್ತಾರೆ."

ಮುಖ್ಯರು ಹೊರಗೆ ಬಂದು ಹೆಗಲ ಮೇಲೆ ಕೈಯಿಟ್ಟರು. "ಡಾಕ್ಟರ ಸರ್ಟಿಫಿಕೇಟ್ ತರೋವರ್ಗೂ ನೀವು ಕೌಂಟರಿಗೆ ಬರೋದು ಬೇಡ. ಆರೋಗ್ಯ ಮುಖ್ಯ. ಅಲ್ಲದೆ ಓದುಗರ ಕೈಗೆಲ್ಲ ಮುದ್ರೆ ಬೀಳ್ತಿದೆ."

ನಿಶ್ಶಬ್ದಪ್ಪ ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಗಡಗಡ ಸದ್ದು. ಕಾಂಪೌಂಡರ್! ಜೊತೆಗೆ ಎಲ್ಲಿಂದಲೋ ಕಡ ತಂದ ಗಾಲಿಕುರ್ಚಿ. ಹಿಂದೆ ಬೀದಿಯ ಆರು ಜನ.

"ಹತ್ತಿ! ನಾಲ್ಕಕ್ಕೆ ಡಾಕ್ಟರ ಹತ್ರ ಹೋಗೋದಿದೆ ಅಂತ ಗೊತ್ತು ನಂಗೆ. ಈ ಸ್ಥಿತೀಲಿ ನಡ್ಕೊಂಡು ಹೋಗ್ತೀರಾ?"

"ನಾನು ಚೆನ್ನಾಗಿದ್ದೀನಿ ಕಣ್ರೀ!"

"ನಡುಗ್ತಾ ಹೇಳಿದ್ರೆ ಯಾರು ನಂಬ್ತಾರೆ?"

ನಿಶ್ಶಬ್ದಪ್ಪ ಕುರ್ಚಿ ಹತ್ತಿದರು. ಹಾಗೆ ಹಾಡುಹಗಲಲ್ಲಿ, ಪೇಟೆಯ ನಡುವೆ, ಗಾಲಿಕುರ್ಚಿಯಲ್ಲಿ ಕೈ ನಡುಗಿಸುತ್ತ ಅವರ ಮೆರವಣಿಗೆ ಆಸ್ಪತ್ರೆ ಸೇರಿತು.

ಡಾಕ್ಟರಮ್ಮನ ಕೋಣೆಯಲ್ಲಿ ಟೀಚರ್ ಆಗಲೇ ಕೂತಿದ್ದರು. ಗಂಡನನ್ನು ಕಂಡು ಎದ್ದೇಬಿಟ್ಟರು. "ಏನಾಯ್ತುರೀ?" ನಿಶ್ಶಬ್ದಪ್ಪ ಕಣ್ಣು ಮಿಟುಕಿಸಿದರು. ಅದನ್ನೂ ಅವರು ಕಾಯಿಲೆಯೆಂದೇ ತಿಳಿದು ಬಿಳಿಚಿಕೊಂಡರು.

ನರ್ಸಮ್ಮ ಎರಡೂ ಪಟ್ಟಿ ಬಿಚ್ಚಿಕೊಂಡು, ಕಾಂಪೌಂಡರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಡಾಕ್ಟರಮ್ಮ ಪರದೆಯ ಮೇಲಿನ ಗೆರೆಗಳನ್ನು ನೋಡುತ್ತ ಹೋದರು.

"ಟೀಚರ್, ನಿಮ್ಮದು ಬಹಳ ಚೆನ್ನಾಗಿದೆ. ಏಳು ದಿನವೂ ಒಳ್ಳೇ ದಾಖಲೆ. ಈ ಹೊತ್ತುಗಳನ್ನೇ ಮುಂದುವರಿಸೋಣ." ಆಮೇಲೆ ಕುರ್ಚಿ ತಿರುಗಿಸಿದರು. "ಸಾರ್, ನಿಮ್ಮದೇ ಮಾತಾಡ್ಬೇಕು. ಇವತ್ತು ನಿಮ್ಮ ಕೈಗೆ ಏನಾಗಿದೆ?"

"ನನ್ನ ಕೈಗೇ? ಆ ನಡುಕ ಹನ್ನೆರಡನೇ ನಂಬರಿನದಲ್ವಾ?"

"ಹೌದು. ಇವತ್ತು ಹನ್ನೆರಡು ನಿಮ್ಮದು, ಹದಿಮೂರು ಅವರದು."

ಟೀಚರ್ ನಿಧಾನವಾಗಿ ಹೇಳಿದರು. "ಬಸ್ಸಲ್ಲಿ ಕೂತ್ಕೊಂಡಾಗ್ಲೇ ನಂಬರ್ ನೋಡ್ದೆ. ತಕ್ಷಣ ನರ್ಸಮ್ಮನಿಗೆ ಫೋನ್ ಮಾಡ್ದೆ. ನಿಮಗೂ ಮೂರು ಸಲ ಮಾಡ್ದೆನಲ್ಲ, ನೀವು ಎತ್ತಿದ್ರೆ ತಾನೇ?"

"ವಾರಕ್ಕೆ ಒಬ್ಬರಾದ್ರೂ ಹೀಗೆ ಮಾಡ್ತಾರೆ," ಎಂದರು ನರ್ಸಮ್ಮ. "ಕಂಪ್ಯೂಟರಲ್ಲಿ ಹೆಸರು ಬದಲಾಯಿಸಿದ್ರೆ ಆಯ್ತು. ಎರಡು ನಿಮಿಷದ ಕೆಲ್ಸ. ಒಂಬತ್ತಕ್ಕೆಲ್ಲ ಮುಗಿಸಿಬಿಟ್ಟೆ."

"ಮತ್ತೆ ಕೈಬಿಡ್ತೀನಿ ಅಂದ್ರಿ?"

"ಅದು ನೀವು ಚಾರ್ಜ್ ಮಾಡೋದು ಮರೀಬಾರ್ದು ಅಂತ ಹೆದರಿಸಿದ್ದು ಸಾರ್!"

ನಿಶ್ಶಬ್ದಪ್ಪ ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡರು. ಮೆಟ್ಟಿಲು, ಮುದ್ರೆ, ಗಡಿಯಾರ, ಗಾಲಿಕುರ್ಚಿ, ಒಂದೂ ಬಿಡಲಿಲ್ಲ. ಡಾಕ್ಟರಮ್ಮ ನಗು ತಡೆಯಲು ಕೆಮ್ಮಿದರು.

"ಯಂತ್ರಕ್ಕೆ ಮೋಸ ಮಾಡೋದು ಅಷ್ಟು ಸುಲಭ ಅಲ್ಲ ಸಾರ್. ನಿಜವಾದ ನಡುಕಕ್ಕೆ ಒಂದು ತಾಳ ಇರತ್ತೆ. ಸೆಕೆಂಡಿಗೆ ನಾಲ್ಕೈದು ಸಲ, ಒಂದೇ ಸಮ. ನಿಮ್ಮದು ನೋಡಿ, ಹಳ್ಳ ದಿಣ್ಣೆ ಬಿದ್ದ ರಸ್ತೇಲಿ ಎತ್ತಿನ ಗಾಡಿ ಹೋದ ಹಾಗಿದೆ. ನೀವು ಸುಮ್ಮನಿದ್ದಿದ್ರೆ ಇವತ್ತಿಗೆ ಇಬ್ಬರದೂ ಮುಗೀತಿತ್ತು. ಈಗ ನಮ್ಮ ಆರೋಗ್ಯವಂತರ ದಾಖಲೆ ಕೆಟ್ಟಿದೆ. ನೀವೊಬ್ರು ಇನ್ನೂ ಏಳು ದಿನ ಕಟ್ಕೋಬೇಕು."

"ಕಟ್ಕೋತೀನಮ್ಮ. ಎಪ್ಪತ್ತು ದಿನ ಬೇಕಾದ್ರೂ ಕಟ್ಕೋತೀನಿ. ಇವಳು ಹೊಸ್ತಿಲು ದಾಟಿದ್ದು ನಿಮ್ಮಿಂದ." ಕೈಮುಗಿದು, ಆಮೇಲೆ ಕೇಳಿದರು: "ಆದ್ರೆ ನಾನು ಆರೋಗ್ಯವಾಗಿದ್ದೀನಿ ಅಂತ ಒಂದು ಸರ್ಟಿಫಿಕೇಟ್ ಕೊಡ್ತೀರಾ?"

"ಖಂಡಿತ. ಏಳು ದಿನದ ದಾಖಲೆ ನೋಡಿ ಕೊಡ್ತೀನಿ."

ಹೊರಗೆ ಬರುವ ಮುಂಚೆ ಟೀಚರ್ ಅವರ ತೋಳು ಹಿಡಿದು ನಿಲ್ಲಿಸಿದರು. "ಇಡೀ ದಿನ ನನ್ನ ಹಾಗೆ ನಡೆದ್ರಾ?"

"ಹೂಂ. ನೀನು ಹೇಗೆ ತಡ್ಕೊಂಡೆ ಕಣೇ? ಆರು ವರ್ಷ! ನನಗೆ ಅರ್ಧ ಗಂಟೆಗೇ ಅಳು ಬಂತು."

"ಅಭ್ಯಾಸ ಆಗಿರತ್ತೆ ಅಂತ ಎಲ್ರೂ ಅಂದ್ಕೋತಾರೆ. ಆಗಲ್ಲ ರೀ," ಎಂದರು ಟೀಚರ್. ನಗುತ್ತಿದ್ದರು, ಕಣ್ಣು ಮಾತ್ರ ಒದ್ದೆಯಾಗಿತ್ತು. "ಹೇಗಿರತ್ತೆ ಅಂತ ಕೇಳಿದೋರು ತುಂಬ ಜನ ಇದ್ದಾರೆ. ಮಾಡಿ ನೋಡಿದೋರು ನೀವೊಬ್ರೇ."

ಹೊರಗೆ ಕಾಂಪೌಂಡರ್ ಗಾಲಿಕುರ್ಚಿ ಹಿಡಿದು ಕಾಯುತ್ತಿದ್ದರು. "ಏನಂದ್ರು ಡಾಕ್ಟರು?"

"ನನಗೇನೂ ಇಲ್ಲವಂತೆ."

ಕಾಂಪೌಂಡರ್ ಟೀಚರ್ ಕಡೆ ತಿರುಗಿ ದನಿ ತಗ್ಗಿಸಿದರು. "ಹೇಳಿಲ್ಲ ಅಲ್ವಾ ಇವರಿಗೆ? ಒಳ್ಳೇದು ಬಿಡಿ. ಕೆಲವ್ರಿಗೆ ಹೇಳ್ದೇ ಇರೋದೇ ಕ್ಷೇಮ. ನಾನೂ ಯಾರಿಗೂ ಹೇಳಲ್ಲ."

ನಿಶ್ಶಬ್ದಪ್ಪ ಸಿಟ್ಟಿನಿಂದ ಒಂದು ದೊಡ್ಡ ಹೆಜ್ಜೆ ಇಟ್ಟರು. ಇಡೀ ದಿನ ಪಾದ ಉಜ್ಜಿದ ತೊಡೆ ಚಳಕ್ ಎಂದು ಹಿಡಿದುಕೊಂಡಿತು. "ಅಮ್ಮಾ" ಎನ್ನುತ್ತ ಅವರು ಕುಸಿದದ್ದು ಸರಿಯಾಗಿ ಗಾಲಿಕುರ್ಚಿಯೊಳಗೇ.

"ನಾನ್ ಹೇಳ್ಲಿಲ್ವಾ!" ಎಂದು ಕಾಂಪೌಂಡರ್ ಖುಷಿಯಿಂದ ತಳ್ಳಿಕೊಂಡು ಹೊರಟರು.

ನಿಶ್ಶಬ್ದಪ್ಪ ಜಗಳಕ್ಕೆ ಬಾಯಿ ತೆರೆದವರು ಹಾಗೇ ಮುಚ್ಚಿದರು. ಎದುರಿಗೆ ಟೀಚರ್ ಆಸ್ಪತ್ರೆಯ ಕಾರಿಡಾರಿನಲ್ಲಿ ಗಾಲಿಕುರ್ಚಿಗೆ ದಾರಿ ಬಿಡಿಸುತ್ತ ಹೋಗುತ್ತಿದ್ದರು. ಆರು ವರ್ಷದಿಂದ ಹೊಟ್ಟೆಗೆ ಅಂಟಿಕೊಂಡೇ ಇರುತ್ತಿದ್ದ ಅವರ ಬಲಗೈ ಹೆಜ್ಜೆಗೊಂದು ಸಲ ಹಿಂದಕ್ಕೂ ಮುಂದಕ್ಕೂ ಬೀಸುತ್ತಿತ್ತು.

"ಇನ್ನೂ ಸ್ವಲ್ಪ ಮೆಲ್ಲಗೆ ತಳ್ಳಿ ಸ್ವಾಮಿ," ಎಂದರು ನಿಶ್ಶಬ್ದಪ್ಪ. "ಅವಳು ಮುಂದೇನೇ ಹೋಗ್ಲಿ."