ಆಷಾಢದಲ್ಲಿ ಕ್ಲಚ್ ಕಲಿತದ್ದು

ನಮ್ಮನೇಲಿ ಯಾವುದೂ ನಗಿಸೋಕೆ ಅಂತ ನಡೆಯಲ್ಲ. ಎಲ್ಲರೂ ಮುಖ ಬಿಗಿದುಕೊಂಡೇ ಶುರು ಮಾಡ್ತಾರೆ, ಎಲ್ಲರೂ ಒಳ್ಳೇದಕ್ಕೇ ಮಾಡ್ತಾರೆ, ಕೊನೆಗೆ ನೋಡಿದ್ರೆ ಬೀದಿಯವರು ಹೊಟ್ಟೆ ಹಿಡ್ಕೊಂಡಿರ್ತಾರೆ. ನಾನು ಬರೀ ಪಕ್ಕದಲ್ಲಿ ನಿಂತಿರ್ತೀನಿ. ಆದ್ರೂ ಮೊದಲ ಬೈಗುಳ ನನಗೇ. ಪಿಯುಸಿ ಅರ್ಧಕ್ಕೆ ಬಿಟ್ಟವನು ಮನೇಲಿ ನಾನೊಬ್ಬನೇ ಅಲ್ವಾ.

ಹೂಗಿಡದ ಸಮಾಚಾರ

ತಾತನ ಕಾರು ನಮ್ಮಮ್ಮನಿಗಿಂತ ಹಳೇದು. ಹುಟ್ಟಿದ ಅಮ್ಮನನ್ನ ಆಸ್ಪತ್ರೆಯಿಂದ ಬಾಗಲಗುಂಟೆಗೆ ಕರ್ಕೊಂಡು ಬಂದದ್ದೇ ಅದರಲ್ಲಿ. ದುಂಡು ಮೂತಿ, ಹಾಲಿನ ಕೆನೆ ಬಣ್ಣ, ಮುಂದೆ ಸೋಫಾ ಥರ ಒಂದೇ ಉದ್ದ ಸೀಟು. ಹೋದ ವರ್ಷ ತಾತನಿಗೆ ಸೊಂಟದ ಆಪರೇಷನ್ ಆಯ್ತು. ಅಲ್ಲಿಂದ ಎಡಗಾಲು ಅವರ ಮಾತು ಕೇಳೋದು ಬಿಟ್ಟಿದೆ. ಕೋಲು ಹಿಡಿದು ನಡೀತಾರೆ, ಕ್ಲಚ್ ಒತ್ತೋಕೆ ಮಾತ್ರ ಆಗಲ್ಲ. ದಿನಾ ಬೆಳಗ್ಗೆ ಕಾರು ಒರೆಸ್ತಾರೆ. ಡ್ರೈವರ್ ಸೀಟಿನ ಬಾಗಿಲು ತೆಗೆಯಲ್ಲ.

ನಮ್ಮ ಮಾವ, ಅಂದ್ರೆ ಅಮ್ಮನ ತಮ್ಮ, ಕೆಟ್ಟವರಲ್ಲ. ತಮ್ಮಪ್ಪ ಆ ಗಾಡಿ ನೋಡಿ ನೋಡಿ ಕೊರಗ್ತಾರೆ, ಅದು ಕಣ್ಮುಂದೆ ಇಲ್ದಿದ್ರೇ ವಾಸಿ ಅಂದ್ಕೊಂಡು, ರಾಜಾನುಕುಂಟೆ ಆಚೆ ಒಂದು ರೆಸಾರ್ಟಿನವರ ಹತ್ರ ಮಾತಾಡಿಬಿಟ್ಟಿದ್ರು. ಅವರು ಕಾರನ್ನ ಗೇಟಲ್ಲಿ ನಿಲ್ಲಿಸಿ, ಬಾನೆಟ್ ತೆಗೆದು, ಇಂಜಿನ್ ಜಾಗದಲ್ಲಿ ಹೂಗಿಡ ಹಾಕ್ತಾರಂತೆ. ಜನ ಪಕ್ಕದಲ್ಲಿ ನಿಂತು ಸೆಲ್ಫಿ ತಗೊಳ್ತಾರಂತೆ.

ತಾತ ಎಲ್ಲಾ ಕೇಳಿಸ್ಕೊಂಡು, "ಯಾವ ಹೂವು?" ಅಂದ್ರು.

"ಅದೇನೋ ನೇರಳೆ ಬಣ್ಣದ್ದಂತೆ ಅಪ್ಪ."

ತಾತ ಅವತ್ತು ಊಟಕ್ಕೆ ಏಳಲಿಲ್ಲ.

ಕಾರು ಉಳಿದದ್ದು ಆಷಾಢದಿಂದ. ಆಷಾಢದಲ್ಲಿ ಗಾಡಿ ತಗೊಳ್ಳಲ್ಲ, ಶ್ರಾವಣ ಬರಲಿ ಅಂತ ರೆಸಾರ್ಟಿನವರೇ ಅಂದ್ರು. ಅಜ್ಜಿ ಅತ್ತಿದ್ದಕ್ಕೆ ಮಾವ ಒಂದು ಮಾತು ಕೊಟ್ರು: "ಶ್ರಾವಣದೊಳಗೆ ಮನೆಯವರು ಯಾರಾದ್ರೂ ಇದನ್ನ ಕಲ್ತು, ಅಪ್ಪನ್ನ ಕೂರಿಸ್ಕೊಂಡು ರಾಜಾನುಕುಂಟೆವರೆಗೂ ಓಡಿಸಿ ತೋರಿಸ್ಲಿ. ಆಗ ನೋಡೋಣ."

ಮನೇಲಿ ಆಗಷ್ಟೇ ಹದಿನೆಂಟು ದಾಟಿದವರು ಇಬ್ಬರು. ಮಾವನ ಮಗಳು, ನಾನು. ತಾತ ನಮ್ಮಿಬ್ಬರನ್ನೂ ನೋಡಿದ್ರು, ಸಂತೆಗೆ ತಡವಾಗಿ ಹೋದವರು ಮಿಕ್ಕ ಬದನೆಕಾಯಿ ನೋಡ್ತಾರಲ್ಲ, ಹಾಗೆ.

"ಆಷಾಢದಾಗೆ ಯಾರಾದ್ರೂ ಇಂಥದ್ದು ಶುರು ಮಾಡ್ತಾರಾ?" ಅಂತ ಅಜ್ಜಿ ತಡೆದ್ರು.

ತಾತ ಅಂದ್ರು, "ಇವ್ನು ಮೊದ್ಲು ಒಂದು ತಿಂಗ್ಳು ಫೇಲಾಗ್ತಾನೆ ಕಣೇ. ಫೇಲಾಗಾಕೆ ಯಾವ ಮೂರ್ತ ನೋಡ್ಬೇಕು?"

ಗೇರ್ ಎಲ್ಲಿ

ಕಲಿಯೋರ ಲೈಸೆನ್ಸು, ಅದೇ ಎಲ್‌ಎಲ್‌ಆರು, ಮಾಡಿಸಿ ಕಾರಿಗೆ ಎಲ್ ಬೋರ್ಡ್ ಅಂಟಿಸಿದೆವು. ಪಕ್ಕದ ಬೀದಿಯ ನನ್ನ ಗೆಳೆಯನೂ ಕಲಿಯೋಕೆ ಬಂದ. ಅವರಪ್ಪನದು ಚಿಕನ್ ಅಂಗಡಿ. ಮನೇಲಿ ದಖನಿ ಮಾತು, ದೊಡ್ಡವರು ಅಂದ್ರೆ ತುಂಬಾ ಮರ್ಯಾದೆ. ಇಂಥವನು ಸಿಕ್ಕಾಗ ನನ್ನ ಕೈ ಸುಮ್ಮನಿರಲ್ಲ.

ಅವನು ಡ್ರೈವರ್ ಸೀಟಲ್ಲಿ ಕೂತು ಕೆಳಗೆ ನೋಡಿದ. ಪಕ್ಕ ನೋಡಿದ. ಸೀಟಿನ ಕೆಳಗೆ ಕೈ ಹಾಕಿ ತಡಕಾಡಿದ. ಈ ಕಾರಲ್ಲಿ ಗೇರ್ ಕಡ್ಡಿ ಇರೋದು ಸ್ಟೇರಿಂಗ್ ಹಿಂದೆ. ಅವನಿಗೆ ಗೊತ್ತಿಲ್ಲ.

"ಮಚ್ಚಾ, ಗೇರ್ ಎಲ್ಲೋ?"

"ಏರಿಯಾದಲ್ಲಿ ಕಳ್ಳರು ಜಾಸ್ತಿ ಮಗಾ. ತಾತ ಸಂಜೆನೇ ಬಿಚ್ಚಿ ಒಳಗಿಡ್ತಾರೆ. ಹೋಗಿ ಇಸ್ಕೊಂಡು ಬಾ."

ಅವನು ಚಪ್ಪಲಿ ಬಿಟ್ಟು ಜಗಲಿ ಹತ್ತಿ, "ತಾತಾ, ಗೇರ್ ಕೊಡ್ತೀರಾ?" ಅಂತ ಕೇಳಿದ. ತಾತ ಅವನನ್ನ ನೋಡಿದ್ರು. ಆಮೇಲೆ ನನ್ನನ್ನ ನೋಡಿದ್ರು. ನಾನು ಆಕಾಶ ನೋಡಿದೆ. ತಾತ ಒಂಚೂರೂ ನಗದೆ, "ಒಳಗೆ ಅಜ್ಜಿ ಅತ್ರ ಐತೆ, ಕೇಳಪ್ಪ" ಅಂದ್ರು. ಬೈಯೋ ಬದಲು ನನ್ನ ಜೊತೆ ಸೇರ್ಕೊಂಡಿದ್ದರು. ಆಪರೇಷನ್ ಆದಮೇಲೆ ಅವರು ಮಾಡಿದ ಮೊದಲ ತರಲೆ ಅದು.

ಒಳಗೆ ಅಜ್ಜಿ, "ಗೇರಾ? ಅದೆಂಗಿರ್ತದೆ?" ಅಂದದ್ದು ಕೇಳಿಸ್ತು.

"ಉದ್ದ ಕೋಲು ಅಜ್ಜಿ. ಹಿಡ್ಕೊಳ್ಳೋಕೆ ಮೇಲೆ ದಪ್ಪಗೆ."

ಸ್ವಲ್ಪ ಹೊತ್ತಿಗೆ ಅವನು ಆಚೆ ಬಂದ. ಎರಡೂ ಕೈಲಿ, ಬೀಳದ ಹಾಗೆ, ಮುದ್ದೆ ತಿರುವೋ ಕೋಲು ಹಿಡ್ಕೊಂಡಿದ್ದ. ತುದಿಗೆ ರಾಗಿ ಹಿಟ್ಟು ಇನ್ನೂ ಹಬೆಯಾಡ್ತಿತ್ತು. ಅವನು ಅದನ್ನ ಕಾರಿನ ನೆಲದಲ್ಲಿ ಎಲ್ಲಿ ನೆಡೋದು ಅಂತ ಹುಡುಕ್ತಿರುವಾಗ ಒಳಗಿಂದ ಅಜ್ಜಿ ಕೂಗಿದ್ರು:

"ಗೇರ್ ಹಾಕಿದ್ದಾಗಿದ್ರೆ ವಾಪಸ್ ತನ್ರೋ, ಮುದ್ದೆ ಗಂಟಾಯ್ತೈತೆ!"

ಎಡಗಾಲಿಗೆ ಕೆಲಸ

ಮಾವನ ಮಗಳು ಇಂಜಿನಿಯರಿಂಗ್ ಓದ್ತಿದಾಳೆ. ಅವರಪ್ಪನ ಆಟೋಮ್ಯಾಟಿಕ್ ಕಾರಲ್ಲಿ ಮೊದಲೇ ಸ್ವಲ್ಪ ಕೈ ಆಡಿಸಿದ್ದಳು. ನಮ್ಮ ಭರವಸೆಯೆಲ್ಲಾ ಅವಳ ಮೇಲೇ ಇತ್ತು. ಮೊದಲ ದಿನ ಬಂದು ಸೀಟಲ್ಲಿ ಕೂತು, ಎಡಗಾಲನ್ನ ಊಟಕ್ಕೆ ಕೂತವಳ ಹಾಗೆ ಮಡಚಿಕೊಂಡಳು.

"ಕಾಲು ಕೆಳಗಿಡವ್ವ" ಅಂದ್ರು ತಾತ.

"ನಮ್ ಕಾರಲ್ಲಿ ಎಡಗಾಲಿಗೆ ಕೆಲಸಾನೇ ಇಲ್ಲ ತಾತ."

ಪಕ್ಕದಲ್ಲಿ ಕೂತಿದ್ದ ತಾತ ತಮ್ಮ ಎಡತೊಡೆ ಮೇಲೆ ಕೈಯಿಟ್ಟರು. "ನಂದಕ್ಕೂ ಇಲ್ಲ ಕಣವ್ವ" ಅಂದ್ರು.

ಅವಳ ಕಣ್ಣು ತುಂಬ್ತು. ಕಣ್ಣು ತುಂಬಿಕೊಂಡು ಕ್ಲಚ್ ಬಿಟ್ಟರೆ ಏನಾಗುತ್ತೆ ಅಂದ್ರೆ, ಕಾರು ಕಪ್ಪೆ ಥರ ಹಾರಿ ನಿಲ್ಲುತ್ತೆ. ಮತ್ತೆ ಸ್ಟಾರ್ಟ್ ಮಾಡಿದಳು, ಮತ್ತೆ ಹಾರಿತು. ಗಾಬರಿಗೆ ರಿವರ್ಸ್ ಬಿತ್ತು, ಹಿಂದಕ್ಕೆ ಹಾರಿತು. ಎದುರಿಗೆ ಸೊಪ್ಪಿನ ಗಾಡಿಯವನು ರಸ್ತೆ ದಾಟೋಕೆ ಕಾಯ್ತಾ ನಿಂತಿದ್ದ. ಪಾಪ, ತಾಳ್ಮೆಯ ಮನುಷ್ಯ. ಕೊನೆಗೆ ಹತ್ರ ಬಂದು ಕೈಮುಗಿದ:

"ಅಮ್ಮಾ, ಮುಂದಕ್ಕೆ ಬರ್ತೀರೋ, ಹಿಂದಕ್ಕೆ ಓಗ್ತೀರೋ, ಒಂದು ಹೇಳ್ಬಿಡಿ. ಕೊತ್ತಂಬರಿ ಬಾಡ್ತೈತೆ."

ಅವತ್ತು ಸಂಜೆ ಅವಳು ನನ್ನ ಹತ್ರ ಬಂದು, "ಲೋ, ನೀನೇ ಕಲಿ. ತಾತ ಪಕ್ಕದಲ್ಲಿ ಕೂತ್ರೆ ನಂಗೆ ಕಾಲು ನಡುಗುತ್ತೆ" ಅಂದಳು. ಗೆಳೆಯ ಮನೆಯವನಲ್ಲ, ಅವನು ಕಲಿತರೂ ಮಾವ ಒಪ್ಪಲ್ಲ. ಹಾಗಾಗಿ ತಾತನ ಕಾರು ಉಳಿಯೋದು ಹೋಗೋದು ಈ ಮನೆಯಲ್ಲಿ ಯಾರೂ ನಂಬದ ಒಬ್ಬನ ಕಾಲಿಗೆ ಬಂದು ನಿಂತಿತು.

ಅವಸರ ಇಲ್ಲದ ಮನುಷ್ಯ

ನನಗೆ ಹಾಫ್ ಕ್ಲಚ್ ಬರ್ತಿರಲಿಲ್ಲ. ಕಾಲು ಪೂರ್ತಿ ಒತ್ತುತ್ತಿತ್ತು, ಇಲ್ಲಾ ಪೂರ್ತಿ ಬಿಡ್ತಿತ್ತು. ಅರ್ಧ ಅನ್ನೋದನ್ನ ನಾನು ಓದಿನಲ್ಲಿ ಮಾತ್ರ ಮಾಡಿದ್ದು. "ನಿಧಾನಕ್ಕೆ ಓಗೋದು, ನಿಲ್ಲದೇ ಓಗೋದು ಏನಾದ್ರೂ ಸಿಕ್ಬೇಕು, ಅದರ ಇಂದೆ ಬಿಡ್ಬೇಕು" ಅಂತಿದ್ರು ತಾತ. ಬೆಂಗಳೂರಲ್ಲಿ ನಿಧಾನಕ್ಕೆ ಹೋಗೋದೆಲ್ಲಾ ನಿಂತುಬಿಡುತ್ತೆ, ಅದೇ ಕಷ್ಟ.

ಒಂದು ಬೆಳಗ್ಗೆ ಹೆಸರಘಟ್ಟ ರಸ್ತೆಯಲ್ಲಿ ನಮ್ಮ ಮುಂದೆ ತಮಟೆ ಕೇಳಿಸ್ತು. ಶವಯಾತ್ರೆ. ಹೂವಿನ ಚಪ್ಪರ, ದಾರಿ ತುಂಬಾ ಮಂಡಕ್ಕಿ. ತಾತ ತಲೆಗೆ ಕಟ್ಟಿದ್ದ ಟವೆಲ್ ಬಿಚ್ಚಿ ಹೆಗಲಿಗೆ ಹಾಕ್ಕೊಂಡು, "ಇಂದೆ ನಡಿ. ಮುಟ್ಬ್ಯಾಡ, ಬಿಡ್ಬ್ಯಾಡ" ಅಂದ್ರು.

ನಡೆದೆವು. ಜನ ನಡೆದಷ್ಟೇ ನಾವು. ಸ್ವಲ್ಪ ಒತ್ತು, ಸ್ವಲ್ಪ ಬಿಡು. ಕಾಲಿನ ಬೆರಳಲ್ಲಿ ಮೊದಲ ಸಲ ಕಾರು ಉಸಿರಾಡೋದು ಗೊತ್ತಾಯ್ತು. ಒಂದು ಸಲವೂ ಆಫ್ ಆಗದೆ ಸ್ಮಶಾನದ ಗೇಟಿನವರೆಗೂ ಹೋದೆ. ಹೋದಮೇಲೆ ಹಾಗೇ ತಿರುಗಿ ಬರೋದು ಸರಿಯಲ್ಲ ಅಂತ ತಾತ ಕೋಲೂರಿಕೊಂಡು ಇಳಿದು, ಒಳಗೆ ಹೋಗಿ ಮೂರು ಹಿಡಿ ಮಣ್ಣು ಹಾಕಿ ಕೈಮುಗಿದ್ರು.

ತೀರಿಕೊಂಡವರ ಮಗ ಓಡಿ ಬಂದು ತಾತನ ಕೈ ಹಿಡ್ಕೊಂಡ. "ಕಾಲು ಸರಿಯಿಲ್ಲ, ಆದ್ರೂ ಅಷ್ಟು ದೂರದಿಂದ ನಮ್ಮಪ್ಪನ ಹಿಂದೇನೇ ಬಂದ್ರಲ್ಲ ಸ್ವಾಮಿ. ಎಷ್ಟು ವರ್ಷದ ಪರಿಚಯ?"

ನಮ್ಮ ತಾತ ಸ್ಮಶಾನದಲ್ಲಿ ಸುಳ್ಳು ಹೇಳೋರಲ್ಲ.

"ಇವತ್ತೇ ಆಯ್ತಪ್ಪ. ಒಳ್ಳೆ ಮನುಷ್ಯ. ಒಂಚೂರೂ ಅವಸರ ಇಲ್ಲ."

ನಿಂಬೆಹಣ್ಣು

ಆಮೇಲೆ ಏರು. ಅಬ್ಬಿಗೆರೆ ಕಡೆ ಒಂದು ಖಾಲಿ ಸೈಟಿನ ಪಕ್ಕ ಒಳ್ಳೆ ಏರು ರಸ್ತೆ ಇದೆ. ತಾತ ಅಲ್ಲಿ ಕಾರು ನಿಲ್ಲಿಸಿ, ಹಿಂದಿನ ಚಕ್ರದ ಹಿಂದೆ ಒಂದು ನಿಂಬೆಹಣ್ಣು ಇಡಿಸ್ತಿದ್ರು. ಕಾರು ಹಿಂದಕ್ಕೆ ಜಾರದೆ ಮುಂದೆ ಹೋದ್ರೆ ಹಣ್ಣು ಉಳೀತು, ನಾನು ಪಾಸು. ಜಾರಿದ್ರೆ ಚಪ್. ದಿನಾ ಹೋಗ್ತಿದ್ದೆವು, ದಿನಾ ಚಪ್. ರಸ್ತೆ ತುಂಬಾ ಜಜ್ಜಿದ ನಿಂಬೆಹಣ್ಣು.

ಒಂದಿನ ಪೊರಕೆ ಹಿಡಿದ ಒಬ್ಬ ಹೆಂಗಸು ಕಾರಿಗೆ ಅಡ್ಡ ನಿಂತಳು. "ಅಣ್ಣಾ, ಇಲ್ಲಿ ನಿಂಬೆಹಣ್ಣು ಹಾಕೋರ್ನ ನೋಡಿದ್ರಾ?"

ನಾನು ಗೆಳೆಯನ ಹೆಸರು ಹೇಳೋಕೆ ಬಾಯಿ ತೆಗೆದಿದ್ದೆ. ಅಷ್ಟರಲ್ಲಿ ಅವಳೇ ಅಂದಳು: "ಯಾರೋ ಪುಣ್ಯಾತ್ಮರು. ಈ ಸೈಟಿಗೆ ಕಸ ಎಸೀಬೇಡಿ ಅಂತ ಬೋರ್ಡ್ ಹಾಕಿದ್ವಿ, ಕ್ಯಾಮೆರಾ ಹಾಕಿದ್ವಿ, ದೇವ್ರ ಫೋಟೋ ಅಂಟಿಸಿದ್ವಿ, ಒಬ್ರೂ ಕೇಳ್ಲಿಲ್ಲ. ಇದನ್ನ ಯಾರೋ ಮಾಟ ಅಂದ್ರು ನೋಡಿ, ಅವತ್ತಿಂದ ಒಂದು ಕವರ್ ಬಿದ್ದಿಲ್ಲ."

ಮಾರನೇ ದಿನದಿಂದ ನನ್ನ ಕಡೆಯಿಂದ ಸ್ವಲ್ಪ ಕುಂಕುಮ ಸೇರಿಸಿದೆ. ಸಮಾಜಸೇವೆ.

ತೊಂದರೆ ಏನಂದ್ರೆ, ನಾನು ಕಲಿತುಬಿಟ್ಟೆ. ಆಷಾಢದ ಕೊನೆಗೆ ಹಣ್ಣು ಇಟ್ಟ ಹಾಗೇ ಇರ್ತಿತ್ತು. ತಾತ ಅದನ್ನ ಒರೆಸಿ ಜೇಬಿಗೆ ಹಾಕ್ಕೊಂಡು ಬರ್ತಿದ್ರು, ಅಜ್ಜಿ ಚಿತ್ರಾನ್ನ ಮಾಡ್ತಿದ್ರು. ಕೊನೆಯ ದಿನ ಹೋದಾಗ ಸೈಟಿನ ತುಂಬಾ ಕಸದ ಕವರು. ಆ ಹೆಂಗಸು ತಲೆ ಮೇಲೆ ಕೈ ಹೊತ್ತು ಕೂತಿದ್ದಳು. "ಆ ಪುಣ್ಯಾತ್ಮರು ಊರು ಬಿಟ್ರೋ ಏನೋ ಅಣ್ಣಾ."

ತಾತ ಕಿಟಕಿಯಿಂದ ತಲೆ ಆಚೆ ಹಾಕಿ ಸಮಾಧಾನ ಹೇಳಿದ್ರು: "ಇಲ್ಲ ಕಣವ್ವ. ಪಾಸಾದ."

ರಾಜಾನುಕುಂಟೆ

ಮಾರನೇ ದಿನವೇ ಪರೀಕ್ಷೆ. ನಾನು ಡ್ರೈವರ್ ಸೀಟಲ್ಲಿ, ಪಕ್ಕದಲ್ಲಿ ತಾತ, ಹಿಂದೆ ಮಾವ. ಯಲಹಂಕದ ಸಿಗ್ನಲಲ್ಲಿ ಹಸಿರು ಬಿದ್ದ ಹೊತ್ತಿಗೆ ಸರಿಯಾಗಿ ಇಂಜಿನ್ ಆಫ್ ಆಯ್ತು. ಹಿಂದೆ ಬಸ್ಸು, ಲಾರಿ ಎಲ್ಲಾ ಹಾರ್ನ್ ಹೊಡೆಯೋಕೆ ಶುರು. ನಾನು ಕೀ ತಿರುಗಿಸೋ ಬದಲು ಹಿಂದಕ್ಕೆ ತಿರುಗಿ ನೋಡ್ತಿದ್ದೆ. ತಾತ ಮೆಲ್ಲಗೆ, "ಅವ್ರು ಕೂಗ್ಲಿ ಬಿಡು. ಅವ್ರಿಗೆ ಹಾರ್ನ್ ಐತೆ, ನಿಂಗೆ ಕಾಲೈತೆ" ಅಂದ್ರು. ಕಾರು ಎದ್ದಿತು.

ರಾಜಾನುಕುಂಟೆ ದಾಟಿ ಒಂದು ಹೊಸ ಲೇಔಟ್ ಹತ್ರ ನಿಲ್ಲಿಸಿದೆ. ರಸ್ತೆ ಇದೆ, ಲೈಟ್ ಕಂಬ ಇದೆ, ಮನೆ ಒಂದೂ ಇಲ್ಲ. ಮಾವ ಇಳಿದು ನನ್ನ ಬೆನ್ನು ತಟ್ಟಿದ್ರು. ಆದ್ರೆ ಮುಖ ಅರಳಲಿಲ್ಲ.

"ಓಡಿಸ್ದೆ ಕಣೋ, ಇಲ್ಲ ಅನ್ನಲ್ಲ. ಆದ್ರೆ ಅಪ್ಪಂಗೇನು ಬಂತು ಹೇಳು? ಮನೇಲೂ ಸುಮ್ನೆ ಕೂತಿದ್ರು, ಇಲ್ಲೂ ಸುಮ್ನೆ ಕೂತಿದಾರೆ. ಇದು ಕಣ್ಮುಂದೆ ಇದ್ದಷ್ಟೂ ದಿನ ಅವರಿಗೆ ನೋವೇ. ರೆಸಾರ್ಟಿನವರು ಸಂಜೆ ಫೋನ್ ಮಾಡ್ತಾರೆ. ಯೋಚನೆ ಮಾಡ್ತೀನಿ." ಇಷ್ಟು ಹೇಳಿ ಟೀ ತರೋಕೆ ರಸ್ತೆ ಆಚೆ ಹೋದ್ರು.

ತಾತನಿಗೆ ಕೇಳಿಸಿತ್ತು. ಸ್ವಲ್ಪ ಹೊತ್ತು ಆ ಖಾಲಿ ರಸ್ತೆ ನೋಡಿದ್ರು. ಆಮೇಲೆ, "ಇಳಿ" ಅಂದ್ರು. ಕೋಲು ಹಿಡಿದು ಬಾನೆಟ್ ಸುತ್ತಿ ಬಂದು, ಆ ಬಾಗಿಲು ತೆಗೆದು, ಡ್ರೈವರ್ ಸೀಟಲ್ಲಿ ಕೂತ್ರು.

"ಆ ಕಡೆ ಬಾಗ್ಲಿಂದ ಅತ್ತು. ನಂಗೆ ಅಂಟ್ಕೊಂಡು ಕೂತ್ಕೋ. ನಿನ್ ಬಲಗಾಲು ಈ ಕಡೆ ಕೊಡು."

ಒಂದೇ ಉದ್ದ ಸೀಟು. ಮಧ್ಯದಲ್ಲಿ ಗೇರ್ ಕಡ್ಡಿ ಇಲ್ಲ. ನನ್ನ ಬಲಗಾಲು ಸಲೀಸಾಗಿ ಕ್ಲಚ್ ಮೇಲೆ ಹೋಗಿ ಕೂತಿತು.

"ತಾತ, ಮಾವ ನನ್ನ ಸಾಯಿಸ್ತಾರೆ."

"ಕಾಲೇಜು ಬಿಟ್ಟಾಗ್ಲೇ ಸಾಯಿಸ್ಲಿಲ್ಲ. ಒತ್ತು."

ಒತ್ತಿದೆ. ಅವರು ಗೇರ್ ಹಾಕಿದ್ರು. "ಬಿಡು" ಅಂದ್ರು, ಬಿಟ್ಟೆ. ಕಾರು ಹಾರಿ ನಿಂತಿತು.

"ಥೂ. ನನ್ ಕಾಲೇ ವಾಸಿ, ಸುಮ್ನಾದ್ರೂ ಇರ್ತದೆ."

ಎರಡನೇ ಸಲ ಕಾರು ಹೊರಟಿತು. ಒತ್ತು, ಅಂತಾರೆ, ಒತ್ತುತ್ತೀನಿ. ಬಿಡು, ಅಂತಾರೆ, ಬಿಡ್ತೀನಿ. ಎರಡನೇ ಗೇರು. ಮೂರನೇದು. ತಿರುವಲ್ಲಿ ಸ್ಟೇರಿಂಗ್ ಅವರ ಕೈಯಲ್ಲಿ ಬೆಣ್ಣೆ ಥರ ತಿರುಗ್ತು. ನಾನು ರಸ್ತೆ ನೋಡಲೇ ಇಲ್ಲ, ಅವರ ಮುಖ ನೋಡ್ತಿದ್ದೆ. ಏನಾದ್ರೂ ತಮಾಷೆ ಮಾಡೋಣ ಅಂದ್ಕೊಂಡೆ, ಒಂದೂ ಹೊಳೀಲಿಲ್ಲ. ಆಮೇಲಾಮೇಲೆ ಅವರು ಒತ್ತು, ಬಿಡು ಅನ್ನೋದನ್ನೂ ನಿಲ್ಲಿಸಿದ್ರು. ಅವರ ಭುಜ ಅಲುಗಿದ್ರೆ ಸಾಕು, ನನ್ನ ಕಾಲಿಗೆ ಗೊತ್ತಾಗ್ತಿತ್ತು.

ಲೇಔಟ್ ಒಂದು ಸುತ್ತು ಹಾಕಿ ಬಂದಾಗ ಮಾವ ರಸ್ತೆ ಮಧ್ಯೆ ನಿಂತಿದ್ರು. ಒಂದು ಕೈಯಲ್ಲಿ ಟೀ ಲೋಟ ವಾಲಿ ಪ್ಯಾಂಟಿನ ಮೇಲೆ ಸುರೀತಿತ್ತು, ಅವರಿಗೆ ಗೊತ್ತೇ ಇಲ್ಲ. ಇನ್ನೊಂದು ಕೈಯಲ್ಲಿ ಫೋನು. ರೆಸಾರ್ಟಿನವರು ಸಂಜೆ ಮಾಡಲಿ ಅಂತ ಕಾಯದೆ ಅವರೇ ಮಾಡಿದ್ದರು.

"ಇಲ್ಲ ಸಾರ್, ಕಾರು ಕೊಡಲ್ಲ. ನಮ್ಮಪ್ಪ ಓಡಿಸ್ತಾರೆ ಸಾರ್. ಹ್ಞೂ ಸಾರ್, ಅವರೇ. ಇಲ್ಲೇ ನೋಡ್ತಿದೀನಿ."

ಅಷ್ಟರಲ್ಲಿ ಲೇಔಟಿನ ಸೆಕ್ಯೂರಿಟಿಯವನು ವಿಷಲ್ ಊದುತ್ತಾ ಓಡಿ ಬಂದ. ಕಾರಿನ ಎಲ್ ಬೋರ್ಡ್ ನೋಡಿದ. ಕಿಟಕಿಯಲ್ಲಿ ಬಗ್ಗಿ, ಒಬ್ಬರ ಮೇಲೊಬ್ಬರು ಒರಗಿಕೊಂಡಿದ್ದ ನಮ್ಮಿಬ್ಬರನ್ನೂ, ಕೆಳಗಿದ್ದ ಕಾಲುಗಳನ್ನೂ ಬಹಳ ಹೊತ್ತು ನೋಡಿದ.

"ಯಾರ್ ಸ್ವಾಮಿ ಇದ್ರಲ್ಲಿ ಡ್ರೈವರು? ಲೈಸೆನ್ಸ್ ಐತಾ?"

ತಾತ ಜೇಬಿನಿಂದ ಲೈಸೆನ್ಸ್ ತೆಗೆದು, ಗಂಭೀರವಾಗಿ ಅವನ ಕೈಗಿಟ್ಟರು.

"ಮಿಕ್ಕಿದ್ದಕ್ಕೆಲ್ಲಾ ಐತಪ್ಪ. ಎಡಗಾಲಿಗೆ ಮಾತ್ರ ಇನ್ನೂ ಎಲ್‌ಎಲ್‌ಆರು."