ಹಿಮಾಲಯಕ್ಕೆ ಕೋಡು ಮೂಡಿದ ದಿನ

ಏಕೀಕರಣವಾದ ಮರುವರ್ಷ, ಅತ್ತಿವೇರಿ ಶಾಲೆಯ ಅಂದಾನೆಪ್ಪ ಮಾಸ್ತರರು ಕೆರೆಯ ಜಿಗುಟು ಮಣ್ಣು ತಂದು ಮನೆಯ ಕಟ್ಟೆಯ ಮೇಲೆ ಎರಡು ದೇಶ ಕಟ್ಟಿದ್ದೇ ಎಲ್ಲಕ್ಕೂ ಮೂಲ. ಒಂದು ಹಲಗೆಯ ಮೇಲೆ ಭಾರತ, ಇನ್ನೊಂದರ ಮೇಲೆ ಸ್ವಿಟ್ಜರ್ಲೆಂಡ್. ಮಧ್ಯಾಹ್ನ ಇನ್ಸ್‌ಪೆಕ್ಟರ್ ಸಾಹೇಬರು ಬರುವವರಿದ್ದರು. ಅವರು ಮೆಚ್ಚಿದರೆ ಹಳಿಯಾಳದ ಹೈಸ್ಕೂಲಿಗೆ ಭೂಗೋಳದ ಮಾಸ್ತರರಾಗಿ ಬದಲಿ. ಹಳಿಯಾಳದಲ್ಲಿ ಖಾನಾವಳಿ ಇತ್ತು. ಒಂಟಿ ಮಾಸ್ತರರಿಗೆ ತಮ್ಮ ಕೈಯಡಿಗೆ ತಿಂದು ಸಾಕಾಗಿತ್ತು.

"ಇದರ ಸುತ್ತ ನೀಲಿ ಬಣ್ಣ ಯಾಕ ಹಚ್ಚಿಲ್ರಿ?" ಹೊಲಕ್ಕೆ ಹೊರಟಿದ್ದ ನೆರೆಮನೆಯ ನೀಲಕ್ಕ ಸ್ವಿಟ್ಜರ್ಲೆಂಡಿಗೆ ಬೆರಳು ಮಾಡಿದಳು.

"ಆ ದೇಶಕ್ಕ ಸಮುದ್ರನ ಇಲ್ಲ ನೀಲಕ್ಕ. ಬರೇ ಗುಡ್ಡ, ಕಣಿವಿ, ಸರೋವರ. ನಮಗಾದ್ರ ಹಿಮಾಲಯದ ಬುಡಕ್ಕ ಗಂಗಾ ಬಯಲು, ಕೆಳಗ ಪ್ರಸ್ಥಭೂಮಿ, ಮೂರೂ ಕಡೆ ಸಮುದ್ರ."

"ಅಯ್ಯ, ಮತ್ತ ಉಪ್ಪ ಎಲ್ಲಿಂದ ತರ್ತಾರ, ಪಾಪ!"

ಮಣ್ಣು ಬಿರಿಯದಂತೆ ಒದ್ದೆ ಗೋಣಿ ಹೊದಿಸಿ ಮಾಸ್ತರರು ಬಸ್ಸಿನ ಹಾದಿಗೆ ಹೋದರು. ಬಸ್ಸು ಕೆರೆಗಿಳಿದ ಎಮ್ಮೆಯಂತೆ ಎಷ್ಟು ಕಾದರೂ ಬರಲೊಲ್ಲದು. ಕೊನೆಗೂ ಸಾಹೇಬರನ್ನು ಇಳಿಸಿಕೊಂಡು ಮನೆಗೆ ಬಂದರೆ ಕಟ್ಟೆಯ ಮೇಲೆ ಗೋಣಿ ಇರಲಿಲ್ಲ. ಹಿಮಾಲಯವೂ ಇರಲಿಲ್ಲ. ಅಲ್ಲಿ ಗುಲಗಂಜಿ ಕಣ್ಣಿನ, ಕುಂಕುಮ ಹಚ್ಚಿಕೊಂಡ ಜೋಡೆತ್ತು ನಿಂತಿದ್ದವು. ಸ್ವಿಟ್ಜರ್ಲೆಂಡು ಅವುಗಳ ಮುಂದೆ ಮೇವಿನ ಗ್ವಾದಲಿಯಾಗಿತ್ತು, ಅದರ ತುಂಬ ಹಸಿ ಹುಲ್ಲು.

ಎದುರುಮನೆಯ ಮುದುಕಿ ಗುರುಸಿದ್ದವ್ವ ಮಣ್ಣುಗೈ ಒರೆಸಿಕೊಳ್ಳುತ್ತ ಬಂದು ಪಿಸುಗುಟ್ಟಿದಳು: "ಮಣ್ಣೆತ್ತಿನ ಅಮಾಸಿ ದಿನ ಎತ್ತಿಲ್ಲದ ಮನಿ ಇರಬಾರದಪ್ಪ. ಪಾಪ, ನೀ ಬರೇ ಎತ್ತಿನ ಡುಬ್ಬ ಮಾಡಿ ಬಿಟ್ಟಿದ್ದಿ. ಉಳದದ್ದು ನಾ ಮುಗಿಸೀನಿ."

ಸಾಹೇಬರು ಕನ್ನಡಕ ಏರಿಸಿ ಬಗ್ಗಿದರು. "ಯಾರ್ರಿ ಇವನ್ನ ಮಾಡಿದ್ದು?"

ಮಾಸ್ತರರ ಮುಖ ಹಳಸಿದ ಹುಳಿಯಂತಾಗಿತ್ತು. ಅದನ್ನು ನೋಡಿ ಗುರುಸಿದ್ದವ್ವನ ಕರುಳು ಚುರ್ರೆಂದಿತು. "ನಮ್ಮ ಮಾಸ್ತರ್ರ ಮಾಡ್ಯಾರ್ರಿ ಸಾಹೇಬ್ರ. ಇಂಥಾ ಕೈ ಸುತ್ತ ಹಳ್ಳ್ಯಾಗಿಲ್ಲ."

"ಸರ್, ಅದು ಹಿಮಾಲಯ..."

"ಹೌದ್ಹೌದು, ಹಿಮಾಲಯದಂಥಾ ಎತ್ತ!" ಸಾಹೇಬರು ಬೆನ್ನು ತಟ್ಟಿದರು. "ಈ ಕೈ ಭೂಗೋಳದಾಗ ಹಾಳಾಗಬಾರದು. ನಾಳೇನ ಬದಲಿ ಮಾಡಸ್ತೇನಿ."

ಮಾಸ್ತರರ ಮೂಗಿಗೆ ಖಾನಾವಳಿಯ ಒಗ್ಗರಣೆ ಘಮ್ಮೆಂದಿತು. "ಹಳಿಯಾಳಕ್ಕೇನ್ರಿ?"

"ಅಣಶಿಗ್ರಿ. ಅಡವ್ಯಾಗಿನ ಸಾಲಿ. ಮಣ್ಣಿನ ಕೆಲಸ ಕಲಿಸಾಕ ಅಲ್ಲಿ ಯಾರೂ ಹೋಗವಲ್ಲರು."

ಸಾಹೇಬರು ಹೋದ ಮೇಲೆ ಗುರುಸಿದ್ದವ್ವ ಹೋಳಿಗೆ ತಂದು ಮಾಸ್ತರರ ಕೈಗಿಟ್ಟಳು. "ನೋಡಪ್ಪ, ನಂದೊಂದು ಮಾತಿನಿಂದ ನಿನ್ನ ಬದಲಿ ಆತು. ಅಣಶ್ಯಾಗ ಖಾನಾವಳಿ ಇಲ್ಲಂತ, ಆದ್ರ ಖರೇ ಗುಡ್ಡ ಬೇಕಾದಷ್ಟು ಅದಾವಂತ. ಮಣ್ಣಾಗ ಮಾಡೂ ತ್ರಾಸ ತಪ್ಪಿತು!"